ಹೊತ್ತಿಗೊಂದು ಮಾತಿನ ದೇಶ

ಯುರೋಪಿಗೆ ಹೊರಟವರು ವಿಮಾನ ಹತ್ತುವ ಎಷ್ಟೋ ವಾರ ಮೊದಲೇ ‘ಶೆಂಗೆನ್’ ಎಂಬ ಹೆಸರನ್ನು ಜಪ ಮಾಡಿರುತ್ತಾರೆ. ತಿಂಗಳುಗಟ್ಟಲೆಯ ಬ್ಯಾಂಕ್ ಸ್ಟೇಟ್‌ಮೆಂಟು, ಪ್ರವಾಸ ವಿಮೆ, ಹೋಟೆಲ್ ಬುಕಿಂಗ್, ಕಚೇರಿಯ ರಜಾಪತ್ರ, ಬೆರಳಚ್ಚು ಎಲ್ಲ ಮುಗಿದ ಮೇಲೆ ಪಾಸ್‌ಪೋರ್ಟಿನೊಳಗೆ ಅಂಟಿಕೊಂಡು ಬರುವ ಆ ವೀಸಾ ಚೀಟಿಗೆ ಹೆಸರು ಕೊಟ್ಟದ್ದು ಲಕ್ಸೆಂಬರ್ಗಿನ ಒಂದು ಹಳ್ಳಿ. ಮೊಸೆಲ್ ನದಿಯ ದಂಡೆ, ಹಿಂದೆ ದ್ರಾಕ್ಷಿ ತೋಟದ ಇಳಿಜಾರು, ಮುಂದೆ ಸೇತುವೆ. ಸೇತುವೆ ದಾಟಿದರೆ ಜರ್ಮನಿ, ದಂಡೆಯಲ್ಲೇ ತೆಂಕಣಕ್ಕೆ ಸ್ವಲ್ಪ ನಡೆದರೆ ಫ್ರಾನ್ಸ್. 1985ರ ಜೂನ್ 14ರಂದು ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಯ ಪ್ರತಿನಿಧಿಗಳು ಇಲ್ಲಿ ‘ಪ್ರಿನ್ಸೆಸ್ ಮಾರಿ ಆಸ್ಟ್ರಿಡ್’ ಎಂಬ ದೋಣಿಯೊಳಗೆ ಕುಳಿತು ತಮ್ಮ ನಡುವಿನ ಗಡಿ ತಪಾಸಣೆಯನ್ನು ಕ್ರಮೇಣ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. ನದಿಯನ್ನೇ ಆರಿಸಿಕೊಂಡದ್ದರಲ್ಲಿ ಒಂದು ಜಾಣತನವೂ ಇದೆ. ಲಕ್ಸೆಂಬರ್ಗ್‌ಗೂ ಜರ್ಮನಿಗೂ ಗಡಿಯಾಗಿರುವಷ್ಟು ದೂರ ಈ ನೀರು ಇಬ್ಬರ ಜಂಟಿ ಆಸ್ತಿ. ನಡುನೀರಿನಲ್ಲಿ ಗೆರೆ ಎಳೆದು ಇದು ನಿನ್ನದು ಇದು ನನ್ನದು ಎಂದು ಯಾರೂ ಹಂಚಿಕೊಂಡಿಲ್ಲ.

ನಮ್ಮವರ ಯುರೋಪ್ ಪ್ಯಾಕೇಜುಗಳಲ್ಲಿ ಲಕ್ಸೆಂಬರ್ಗ್ ಸಾಮಾನ್ಯವಾಗಿ ಕಾಣುವುದು ಬಸ್ಸಿನ ಕಿಟಕಿಯಿಂದ. ಪ್ಯಾರಿಸ್ಸಿನಿಂದ ಜರ್ಮನಿಗೋ ಬ್ರಸೆಲ್ಸಿನಿಂದ ಸ್ವಿಟ್ಜರ್ಲೆಂಡಿಗೋ ಹೋಗುವಾಗ ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿ, ಕೋಟೆಯ ಎದುರು ಒಂದು ಗುಂಪು ಫೋಟೊ ತೆಗೆಸಿ, ಮತ್ತೆ ಹತ್ತಿಸುತ್ತಾರೆ. ದೇಶದ ವಿಸ್ತೀರ್ಣ 2,586 ಚದರ ಕಿಲೋಮೀಟರು. ನಮ್ಮ ಕೊಡಗು ಜಿಲ್ಲೆ ಇದಕ್ಕಿಂತ ಎಷ್ಟೋ ದೊಡ್ಡದು. ಉತ್ತರದಿಂದ ದಕ್ಷಿಣಕ್ಕೆ 82 ಕಿಲೋಮೀಟರು, ಪೂರ್ವದಿಂದ ಪಶ್ಚಿಮಕ್ಕೆ 57. ಹಾಗಾಗಿ ‘ಮುಗಿಸಿಬಿಡುವುದು’ ಸುಲಭ ಅನ್ನಿಸುವುದು ಸಹಜವೇ. ಆದರೆ ಇಲ್ಲಿ ನೋಡುವಂಥದ್ದರ ಅರ್ಧ ಭಾಗ ಕಣ್ಣಿಗೆ ಬೀಳುವುದೇ ಇಲ್ಲ, ಕಿವಿಗೆ ಬೀಳಬೇಕು. ಅದಕ್ಕೆ ಬಸ್ಸಿನಿಂದ ಇಳಿದು, ಬೇಕರಿಯ ಸಾಲಿನಲ್ಲಿ, ಟ್ರಾಮಿನಲ್ಲಿ, ವಾರದ ಸಂತೆಯಲ್ಲಿ ಸುಮ್ಮನೆ ನಿಂತುಕೊಳ್ಳಬೇಕು.

ಬಹುಭಾಷೆಯ ಸಣ್ಣ ದೇಶ ಎಂದಾಗ ನಮಗೆ ಥಟ್ಟನೆ ನೆನಪಾಗುವುದು ಸ್ವಿಟ್ಜರ್ಲೆಂಡ್. ಅಲ್ಲಿ ಭಾಷೆಗೆ ನೆಲ ಹಂಚಿಕೊಟ್ಟಿದ್ದಾರೆ: ಜೂರಿಕ್‌ನಲ್ಲಿ ಜರ್ಮನ್, ಜಿನೀವಾದಲ್ಲಿ ಫ್ರೆಂಚ್, ಲುಗಾನೊದಲ್ಲಿ ಇಟಾಲಿಯನ್. ಬೆಲ್ಜಿಯಂನಲ್ಲೂ ಅಷ್ಟೆ. ಉತ್ತರಕ್ಕೆ ಡಚ್ಚು, ದಕ್ಷಿಣಕ್ಕೆ ಫ್ರೆಂಚು, ನಡುವಿನ ಗೆರೆಯ ಬಗ್ಗೆ ಸರ್ಕಾರಗಳೇ ಉರುಳುವಷ್ಟು ಜಗಳ. ಲಕ್ಸೆಂಬರ್ಗ್‌ನಲ್ಲಿ ಅಂಥ ಗೆರೆ ಇಲ್ಲ. ಲಕ್ಸೆಂಬರ್ಗಿಶ್, ಫ್ರೆಂಚ್, ಜರ್ಮನ್ ಮೂರೂ ಇಡೀ ದೇಶಕ್ಕೆ ಸೇರಿದವು, ಹಂಚಿಕೆ ಆಗಿರುವುದು ಹೊತ್ತಿನ ಮೇಲೆ ಮತ್ತು ಕೆಲಸದ ಮೇಲೆ. ಒಬ್ಬನೇ ಮನುಷ್ಯ ಬೆಳಗ್ಗೆ ಹೆಂಡತಿಯ ಜತೆ ಲಕ್ಸೆಂಬರ್ಗಿಶ್ ಮಾತಾಡಿ, ಜರ್ಮನ್ ಪತ್ರಿಕೆ ಓದಿ, ಬೇಕರಿಯಲ್ಲಿ ಫ್ರೆಂಚಿನಲ್ಲಿ ಬ್ರೆಡ್ ಕೊಂಡು, ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಇ-ಮೇಲ್ ಬರೆದು, ಸಂಜೆ ತೆರಿಗೆ ಇಲಾಖೆಯ ಫ್ರೆಂಚ್ ಕಾಗದ ನೋಡಿ ಲಕ್ಸೆಂಬರ್ಗಿಶ್‌ನಲ್ಲೇ ಬೈದುಕೊಳ್ಳುತ್ತಾನೆ. 

ಮಂಗಳೂರಿನ ಕಡೆಯವರಿಗೆ ಇದರಲ್ಲಿ ಅಂಥ ಅಚ್ಚರಿ ಏನೂ ಕಾಣಲಾರದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷ್ ಎಂದು ಬೆಳೆದವರು ಅವರು. ವ್ಯತ್ಯಾಸ ಇರುವುದು ಒಂದೇ ಕಡೆ. ತುಳು ಇನ್ನೂ ಸಂವಿಧಾನದ ಎಂಟನೆಯ ಪರಿಚ್ಛೇದದ ಬಾಗಿಲು ತಟ್ಟುತ್ತಿದೆ. ಅಲ್ಲಿ ಮನೆಮಾತಿಗೆ ಒಂದು ದೇಶವೇ ಇದೆ.

ದೇಶ ಇದ್ದೂ ಕಾನೂನಿನಲ್ಲಿ ಜಾಗ ಸಿಕ್ಕಿದ್ದು ತೀರ ಈಚೆಗೆ. 1984ರ ಫೆಬ್ರುವರಿ 24ರ ಭಾಷಾ ಕಾಯ್ದೆ ಮೊದಲ ಬಾರಿಗೆ ಲಕ್ಸೆಂಬರ್ಗಿಶ್ ಅನ್ನು ರಾಷ್ಟ್ರಭಾಷೆ ಎಂದು ಕರೆಯಿತು. ಅದೇ ಕಾಯ್ದೆ, ಶಾಸನಗಳ ಭಾಷೆ ಫ್ರೆಂಚ್ ಎಂದೂ ಹೇಳಿತು. ಆಡಳಿತ ಮತ್ತು ನ್ಯಾಯಾಲಯಗಳಲ್ಲಿ ಮೂರೂ ನಡೆಯುತ್ತವೆ ಎಂದೂ ಹೇಳಿತು. ಪ್ರಜೆ ಯಾವ ಭಾಷೆಯಲ್ಲಿ ಅರ್ಜಿ ಹಾಕುತ್ತಾನೋ ಸಾಧ್ಯವಾದಷ್ಟು ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು. ಇದರಿಂದ ಹುಟ್ಟುವ ಚೋದ್ಯಗಳನ್ನು ಪ್ರವಾಸಿಯೂ ಗಮನಿಸಬಹುದು. ಅರವತ್ತು ಸದಸ್ಯರ ಸಂಸತ್ತಿನಲ್ಲಿ ವಾಗ್ವಾದ ನಡೆಯುವುದು ಲಕ್ಸೆಂಬರ್ಗಿಶ್‌ನಲ್ಲಿ, ಅಷ್ಟೆಲ್ಲ ವಾದಿಸಿ ಒಪ್ಪುವ ಕಾನೂನು ಅಚ್ಚಾಗುವುದು ಫ್ರೆಂಚಿನಲ್ಲಿ. 2023ರ ಜುಲೈ 1ರಿಂದ ಜಾರಿಯಲ್ಲಿರುವ ಪರಿಷ್ಕೃತ ಸಂವಿಧಾನ, ಲಕ್ಸೆಂಬರ್ಗ್‌ನ ಭಾಷೆ ಲಕ್ಸೆಂಬರ್ಗಿಶ್ ಎಂದು ಸ್ಪಷ್ಟವಾಗಿ ಸಾರುತ್ತದೆ. ಆ ವಾಕ್ಯವೂ ಇರುವುದು ಫ್ರೆಂಚಿನಲ್ಲೇ.

ರೈಲು ನಿಲ್ದಾಣದಲ್ಲಿ ‘ಲುಕ್ಸೆಂಬುರ್ಗರ್ ವೋರ್ಟ್’ ಪತ್ರಿಕೆಯ ಒಂದು ಪ್ರತಿ ಕೊಳ್ಳಿ. 1848ರಿಂದ ಬರುತ್ತಿರುವ ಪತ್ರಿಕೆ. ಓದಲು ಬರಬೇಕೆಂದಿಲ್ಲ, ಪುಟ ತಿರುವಿದರೂ ಸಾಕು. ಹೆಚ್ಚಿನ ಸುದ್ದಿ ಜರ್ಮನ್, ಅಲ್ಲಲ್ಲಿ ಫ್ರೆಂಚ್ ಲೇಖನ. ಮದುವೆ, ಹುಟ್ಟು, ಸಾವಿನ ಪ್ರಕಟಣೆಗಳಲ್ಲಿ ಲಕ್ಸೆಂಬರ್ಗಿಶ್. ಅಜ್ಜಿ ತೀರಿಕೊಂಡರೆ ಅದನ್ನು ಅಜ್ಜಿಯ ಮಾತಿನಲ್ಲೇ ಹೇಳಬೇಕಲ್ಲ! ಪಕ್ಕದಲ್ಲೇ ಬಿಟ್ಟಿ ಸಿಗುವ ‘ಲೆಸಾನ್ಸಿಯೆಲ್’ ಫ್ರೆಂಚ್ ಪತ್ರಿಕೆ. ಅದನ್ನು ಹಿಡಿದು ರೈಲಿಳಿಯುವವರು ಬೇರೆ ಜನ. ಅವರ ಕಥೆಗೆ ಆಮೇಲೆ ಬರೋಣ.

ರಾಜಧಾನಿಯನ್ನು ನಡೆದೇ ನೋಡಬೇಕು, ಮತ್ತು ಕಾಲಿಗೆ ಒಳ್ಳೆಯ ಶೂ ಇರಬೇಕು. ಆಲ್ಜೆಟ್ ಮತ್ತು ಪೆಟ್ರುಸ್ ಎಂಬ ಎರಡು ಪುಟ್ಟ ಹೊಳೆಗಳು ಮರಳುಗಲ್ಲನ್ನು ಕೊರೆದು ಆಳವಾದ ಕಣಿವೆ ಮಾಡಿಟ್ಟಿವೆ, ಊರು ಆ ಕಣಿವೆಯ ಮೇಲೂ ಇದೆ, ಒಳಗೂ ಇದೆ. ಆಲ್ಜೆಟ್ ಹೊಳೆಯ ತಿರುವಿನ ಮೇಲೆ ಚಾಚಿಕೊಂಡಿರುವ ಬೋಕ್ ಎಂಬ ಕಡಿದಾದ ಬಂಡೆಯನ್ನು 963ರಲ್ಲಿ ಸೀಗ್‌ಫ್ರೀಡ್ ಎಂಬ ಸಾಮಂತ ಟ್ರಿಯರ್‌ನ ಒಂದು ಮಠದವರಿಂದ ಜಮೀನು ಬದಲಿಗೆ ಪಡೆದ. ದೇಶದ ಕಥೆ ಶುರುವಾಗುವುದು ಆ ವಿನಿಮಯ ಪತ್ರದಿಂದ. ಮುಂದಿನ ಒಂಬತ್ತು ಶತಮಾನ ಬಂದವರೆಲ್ಲ – ಬರ್ಗಂಡಿಯವರು, ಸ್ಪೇನಿನವರು, ಫ್ರೆಂಚರು, ಆಸ್ಟ್ರಿಯದವರು, ಪ್ರಷ್ಯದವರು – ಈ ಬಂಡೆಯ ಸುತ್ತ ಗೋಡೆಯ ಮೇಲೆ ಗೋಡೆ ಕಟ್ಟಿದರು. ಹದಿನಾಲ್ಕನೆಯ ಲೂಯಿಯ ಕೋಟೆ ಶಿಲ್ಪಿ ವೊಬಾಂ ಕೂಡ ಇಲ್ಲಿ ಕೈಯಾಡಿಸಿದ್ದಾನೆ. ಬಂಡೆಯೊಳಗೆ ತೋಡಿದ ಸುರಂಗಗಳ ಉದ್ದ ಒಂದು ಕಾಲಕ್ಕೆ 23 ಕಿಲೋಮೀಟರು. ಫಿರಂಗಿ, ಕುದುರೆ, ಬ್ರೆಡ್ಡಿನ ಒಲೆ, ಕಸಾಯಿಖಾನೆ ಎಲ್ಲಕ್ಕೂ ಒಳಗೇ ಜಾಗ. 

ಇಷ್ಟು ಬಲವಾದ ಕೋಟೆ ಎಂದರೆ ಅಕ್ಕಪಕ್ಕದವರಿಗೆ ನಿದ್ದೆ ಬರುವುದಿಲ್ಲ. ಫ್ರಾನ್ಸಿನ ಮೂರನೆಯ ನೆಪೋಲಿಯನ್ ಈ ದೇಶವನ್ನು ಅದರ ಒಡೆಯನಾಗಿದ್ದ ಡಚ್ ದೊರೆಯಿಂದ ದುಡ್ಡು ಕೊಟ್ಟು ಕೊಳ್ಳಲು ಹೊರಟಾಗ, ಕೋಟೆಯಲ್ಲಿ ಸೈನ್ಯ ಇಟ್ಟಿದ್ದ ಪ್ರಷ್ಯ ಕೆರಳಿತು. ಯುದ್ಧ ತಪ್ಪಿಸಲು 1867ರಲ್ಲಿ ಲಂಡನ್ನಿನಲ್ಲಿ ಒಪ್ಪಂದವಾಯಿತು: ದೇಶ ತಟಸ್ಥವಾಗಿರಬೇಕು, ಕೋಟೆಯನ್ನು ಕೆಡವಬೇಕು. ಕೆಡವುವುದಕ್ಕೇ ಹದಿನಾರು ವರ್ಷ ಬೇಕಾಯಿತು. ಸುರಂಗಗಳನ್ನು ಪೂರ್ತಿ ಸ್ಫೋಟಿಸಿದರೆ ಮೇಲಿನ ಊರೇ ಕುಸಿಯುತ್ತಿತ್ತು, ಆದ್ದರಿಂದ 17 ಕಿಲೋಮೀಟರು ಉಳಿದುಕೊಂಡವು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿದ ಊರವರಿಗೆ ಅವೇ ಆಸರೆಯಾದವು. 35,000 ಜನ ಅಡಗಬಹುದಾದ ಜಾಗ. 1994ರಿಂದ ಹಳೆಯ ಪೇಟೆ ಮತ್ತು ಕೋಟೆಯ ಅವಶೇಷ ಯುನೆಸ್ಕೊ ಪಟ್ಟಿಯಲ್ಲಿವೆ. ನನಗಂತೂ ಕೆಡವಿದ ಕೋಟೆಯೇ ಇಡೀ ಕೋಟೆಗಿಂತ ಚೆನ್ನ. ಗೋಡೆಗಳಿದ್ದ ಕಡೆ ಈಗ ಉದ್ಯಾನಗಳಿವೆ, ಬಂಡೆಯ ಅಂಚಿನಲ್ಲಿ ಕಾರ್ನಿಶ್ ಎಂಬ ಕಾಲುದಾರಿ ಇದೆ. ಅಲ್ಲಿಂದ ಕೆಳಗಿನ ಗ್ರುಂಡ್ ಪೇಟೆ, ನೊಯ್‌ಮ್ಯೂನ್‌ಸ್ಟರ್ ಮಠ, ಹೊಳೆಯ ತಿರುವು ಎಲ್ಲ ಒಟ್ಟಿಗೆ ಕಾಣುತ್ತವೆ. ಆ ಮಠ ಮುಂದೆ ಬಹುಕಾಲ ಜೈಲಾಗಿತ್ತು, ಈಗ ಸಂಗೀತ ಕಛೇರಿ ನಡೆಯುವ ಸಾಂಸ್ಕೃತಿಕ ಕೇಂದ್ರ.

ಕಣಿವೆಗೆ ಇಳಿಯುವುದು ಸುಖ, ಹತ್ತುವುದು ಕಷ್ಟ. ಅದಕ್ಕೂ ವ್ಯವಸ್ಥೆ ಇದೆ. ಗ್ರುಂಡ್‌ನಿಂದ ಬಂಡೆಯೊಳಗಿನ ಲಿಫ್ಟು, ಫಾಫೆನ್‌ಟಾಲ್‌ನಿಂದ 2016ರಲ್ಲಿ ಕಟ್ಟಿದ ಗಾಜಿನ ಲಿಫ್ಟು, ಅಲ್ಲಿಂದಲೇ ಎದುರಿನ ಕಿರ್ಷ್‌ಬೆರ್ಗ್ ಗುಡ್ಡಕ್ಕೆ ಹಗ್ಗದ ರೈಲು. ಒಂದಕ್ಕೂ ಟಿಕೆಟ್ ಇಲ್ಲ. ಲಿಫ್ಟಿಗೆ ಮಾತ್ರ ಅಲ್ಲ, ಟ್ರಾಮು, ಬಸ್ಸು, ರೈಲು ಯಾವುದಕ್ಕೂ ಇಲ್ಲ. 2020ರ ಫೆಬ್ರುವರಿ ಕೊನೆಯಿಂದ ಇಡೀ ದೇಶದ ಸಾರ್ವಜನಿಕ ಸಾರಿಗೆ ಉಚಿತ. ನಮ್ಮ ಶಕ್ತಿ ಯೋಜನೆಯಲ್ಲಿ ಮಹಿಳೆಯರು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಇಲ್ಲಿ ತೋರಿಸುವುದೂ ಇಲ್ಲ ಪಡೆಯುವುದೂ ಇಲ್ಲ. ಗಂಡಸು, ಹೆಂಗಸು, ಪ್ರಜೆ, ಪ್ರವಾಸಿ ಎಂಬ ಭೇದವಿಲ್ಲದೆ ಹತ್ತಿ ಕೂರುವುದಷ್ಟೇ. ರೈಲಿನ ಮೊದಲ ದರ್ಜೆಗೆ ಮಾತ್ರ ದುಡ್ಡು ಕೊಡಬೇಕು. ಇನ್ನೊಂದು ಎಚ್ಚರಿಕೆ: ಉಚಿತ ಎಂಬುದು ಗಡಿಯವರೆಗೆ. ಅದೇ ರೈಲಿನಲ್ಲಿ ಟ್ರಿಯರ್‌ಗೋ ಮೆಟ್ಸ್‌ಗೋ ಹೋಗುವುದಾದರೆ ಗಡಿಯಾಚೆಯ ದೂರಕ್ಕೆ ಮೊದಲೇ ಟಿಕೆಟ್ ತೆಗೆದಿಟ್ಟುಕೊಳ್ಳಿ. ವಿಮಾನ ನಿಲ್ದಾಣಕ್ಕೂ 2025ರಿಂದ ಟ್ರಾಮ್ ಬಂದಿರುವುದರಿಂದ, ಇಳಿದ ಗಳಿಗೆಯಿಂದ ಟ್ಯಾಕ್ಸಿಯ ಗೊಡವೆ ಇಲ್ಲ. 

ಸರ್ಕಾರ ಈ ಉದಾರತೆ ತೋರಿದ್ದು ಧರ್ಮಕ್ಕಲ್ಲ. ಯುರೋಪಿನಲ್ಲೇ ತಲೆಗೆ ಅತಿ ಹೆಚ್ಚು ಕಾರುಗಳಿರುವ ದೇಶಗಳಲ್ಲಿ ಇದೊಂದು. ಬೆಳಗಿನ ಹೊತ್ತು ಹೆದ್ದಾರಿಗಳು ಕಟ್ಟಿಕೊಳ್ಳುತ್ತವೆ. ಟಿಕೆಟ್ಟಿನಿಂದ ಬರುತ್ತಿದ್ದ ಹಣ ಸಾರಿಗೆಯ ಒಟ್ಟು ವೆಚ್ಚದ ಸಣ್ಣ ಪಾಲು, ಅದನ್ನು ಬಿಟ್ಟುಕೊಡುವುದು ಶ್ರೀಮಂತ ಸರ್ಕಾರಕ್ಕೆ ಕಷ್ಟವಾಗಲಿಲ್ಲ. ಕಾರುಗಳು ಮಾಯವಾದವೇ ಎಂದರೆ, ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಂಡವರಿಗೆ ಮಾತ್ರ ಅವರ ಟ್ರಾಫಿಕ್ ಜಾಮ್ ನೋಡಿ ನಗು ಬರುತ್ತದೆ.

ಹೆದ್ದಾರಿ ಕಟ್ಟಿಕೊಳ್ಳುವುದೇಕೆ ಎಂದು ಕೇಳಿದರೆ ದೇಶದ ಗುಟ್ಟು ಸಿಗುತ್ತದೆ. ಜನಸಂಖ್ಯೆ ಸುಮಾರು 6.7 ಲಕ್ಷ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬೇರೆ ದೇಶದ ಪಾಸ್‌ಪೋರ್ಟ್ ಇರುವವರು, ರಾಜಧಾನಿಯಲ್ಲಂತೂ ಹತ್ತರಲ್ಲಿ ಏಳು ಜನ. ಇದರ ಮೇಲೆ ದಿನಾ ಬೆಳಗ್ಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ಗಡಿ ದಾಟಿ ಕೆಲಸಕ್ಕೆ ಬಂದು ಸಂಜೆ ಮನೆಗೆ ಮರಳುವವರು ಎರಡು ಲಕ್ಷಕ್ಕೂ ಹೆಚ್ಚು. ಇವರಲ್ಲಿ ಅರ್ಧದಷ್ಟು ಜನ ಫ್ರಾನ್ಸಿನವರು. ಆ ಬಿಟ್ಟಿ ಫ್ರೆಂಚ್ ಪತ್ರಿಕೆ ಹಿಡಿದು ರೈಲಿಳಿಯುವವರು ಇವರೇ. ಅಂಗಡಿ, ಹೋಟೆಲ್, ಆಸ್ಪತ್ರೆ, ಕಟ್ಟಡ ಕೆಲಸ ನಡೆಯುತ್ತಿರುವುದೇ ಇವರಿಂದ. ಹೀಗಾಗಿ ಪ್ರವಾಸಿಯ ಕಿವಿಗೆ ಮೊದಲು ಬೀಳುವ ಭಾಷೆ ಫ್ರೆಂಚು. ಲಕ್ಸೆಂಬರ್ಗಿನ ಮುದುಕಿಯೊಬ್ಬಳು ತನ್ನ ಸ್ವಂತ ಊರಿನ ಬೇಕರಿಗೆ ಹೋಗಿ ತನ್ನ ಮಾತಿನಲ್ಲಿ ಬ್ರೆಡ್ ಕೇಳಿದರೆ ಕೌಂಟರಿನ ಹುಡುಗಿ ಕಣ್ಣರಳಿಸಿ ಫ್ರೆಂಚಿನಲ್ಲಿ ‘ಏನಂದಿರಿ?’ ಎನ್ನುವುದು ಅಲ್ಲಿ ಸಾಮಾನ್ಯ. ಮುದುಕಿ ಸುಮ್ಮನೆ ಫ್ರೆಂಚಿಗೆ ಹೊರಳುತ್ತಾಳೆ. ಒಳಗೊಳಗೇ ಗೊಣಗುತ್ತಾಳೆ ಎಂಬುದೂ ನಿಜ. ಬೆಂಗಳೂರಿನವರಿಗೆ ಈ ಗೊಣಗಾಟವನ್ನು ವಿವರಿಸಬೇಕಾಗಿಲ್ಲ. 2016ರಲ್ಲಿ ಲಕ್ಸೆಂಬರ್ಗಿಶ್ ಅನ್ನೇ ಮೊದಲ ಆಡಳಿತ ಭಾಷೆ ಮಾಡಬೇಕೆಂದು ಸಂಸತ್ತಿಗೆ ಹೋದ ಅರ್ಜಿಗೆ 14 ಸಾವಿರಕ್ಕೂ ಹೆಚ್ಚು ಸಹಿ ಬಿದ್ದವು. ಇಷ್ಟು ಸಣ್ಣ ದೇಶದಲ್ಲಿ ಅದು ದೊಡ್ಡ ಸಂಖ್ಯೆ. ಆ ಬಳಿಕ ಸರ್ಕಾರ ಭಾಷೆಗೆಂದು ಒಂದು ಕೇಂದ್ರ ತೆರೆಯಿತು, ಕಾಗುಣಿತದ ನಿಯಮಗಳನ್ನು ಹೊಸದಾಗಿ ಪ್ರಕಟಿಸಿತು. ಪೌರತ್ವ ಬೇಕೆಂದವರು ಸಾಮಾನ್ಯವಾಗಿ ಲಕ್ಸೆಂಬರ್ಗಿಶ್ ಮಾತಿನ ಪರೀಕ್ಷೆ ಪಾಸು ಮಾಡಬೇಕು.

ಪ್ರವಾಸಿಗೆ ಇಷ್ಟು ಸಾಕು: ಒಳಗೆ ಹೋಗುವಾಗ ‘ಮೋಯೆನ್’ ಎನ್ನಿ. ಬೆಳಗ್ಗೆ, ಸಂಜೆ, ಮಂತ್ರಿಗೆ, ಬಸ್ ಡ್ರೈವರಿಗೆ ಎಲ್ಲರಿಗೂ ಅದೇ ನಮಸ್ಕಾರ. ಹೊರಡುವಾಗ ‘ಎಡ್ಡಿ’. ನಡುವೆ ನಿಮ್ಮ ಇಂಗ್ಲಿಷು ನಡೆಯುತ್ತದೆ. ಫ್ರಾನ್ಸಿನಿಂದ ಬಂದ ಕೆಲಸದವರಿಗೆ ‘ಮೋಯೆನ್’ ಅಂದರೂ ನಗುತ್ತಾರೆ, ಇಷ್ಟು ಮಾತ್ರ ಅವರೂ ಕಲಿತಿರುತ್ತಾರೆ.

ಕೆಂಪು ಬಣ್ಣದ ದೊಡ್ಡ ಸೇತುವೆ ದಾಟಿ ಕಿರ್ಷ್‌ಬೆರ್ಗ್‌ಗೆ ಹೋದರೆ ಬೇರೆಯೇ ದೇಶ. ಗಾಜು, ಉಕ್ಕು, ಐರೋಪ್ಯ ಒಕ್ಕೂಟದ ಕಚೇರಿಗಳು, ಬ್ಯಾಂಕುಗಳು. ಒಕ್ಕೂಟದ ನ್ಯಾಯಾಲಯದ ಹೊಂಬಣ್ಣದ ಗೋಪುರಗಳು ದೂರದಿಂದಲೇ ಕಾಣುತ್ತವೆ. 24 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ದಾವೆ ಹೂಡಬಹುದಾದ ನ್ಯಾಯಾಲಯ ಅದು. ನ್ಯಾಯಾಧೀಶರು ತಮ್ಮೊಳಗೆ ಚರ್ಚಿಸುವುದು ಫ್ರೆಂಚಿನಲ್ಲಿ, ಉಳಿದದ್ದೆಲ್ಲ ಭಾಷಾಂತರಕಾರರ ಬೆನ್ನಿನ ಮೇಲೆ. ಐ.ಎಂ. ಪೇ ಕಟ್ಟಿದ ಮುದಾಂ ಆಧುನಿಕ ಕಲಾ ಸಂಗ್ರಹಾಲಯ ಹಳೆಯ ಕೋಟೆಯೊಂದರ ತಳಪಾಯದ ಮೇಲೆ ನಿಂತಿದೆ. ಒಳಗಿನ ಕಲೆ ನಿಮ್ಮ ರುಚಿಗೆ ಒಗ್ಗದಿದ್ದರೂ ಕಟ್ಟಡಕ್ಕಾಗಿ ಹೋಗಬಹುದು. ನನಗೆ ಈ ಗುಡ್ಡಕ್ಕಿಂತ ಅದರ ಬುಡದ ಕ್ಲೌಸೆನ್ ಬಡಾವಣೆಯೇ ಹೆಚ್ಚು ಹತ್ತಿರ. ರಾಬರ್ಟ್ ಶೂಮನ್ 1886ರಲ್ಲಿ ಹುಟ್ಟಿದ್ದು ಅಲ್ಲಿ. ಅಪ್ಪ ಫ್ರೆಂಚ್ ಪ್ರಜೆಯಾಗಿ ಹುಟ್ಟಿ, ಲೊರೇನ್ ಪ್ರಾಂತ್ಯ ಜರ್ಮನಿಯ ಪಾಲಾದಾಗ ಜರ್ಮನ್ ಪ್ರಜೆಯಾದವನು, ಅಮ್ಮ ಲಕ್ಸೆಂಬರ್ಗಿನವಳು, ಮಗ ಹುಟ್ಟಿನಿಂದ ಜರ್ಮನ್ ಪ್ರಜೆ, ಮೊದಲ ಮಹಾಯುದ್ಧದ ನಂತರ ಫ್ರೆಂಚ್ ಪ್ರಜೆ, ಆಮೇಲೆ ಫ್ರಾನ್ಸಿನ ಪ್ರಧಾನಿ. ವಿದೇಶಾಂಗ ಸಚಿವನಾಗಿದ್ದಾಗ 1950ರ ಮೇ 9ರಂದು, ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು ಉಕ್ಕುಗಳನ್ನು ಒಂದೇ ಆಡಳಿತದ ಕೆಳಗೆ ತರೋಣ ಎಂದು ಘೋಷಿಸಿದ್ದು ಈತನೇ. ಆ ಆಡಳಿತದ ಕಚೇರಿ 1952ರಲ್ಲಿ ಶುರುವಾದದ್ದು ಲಕ್ಸೆಂಬರ್ಗಿನಲ್ಲಿ. ಇವತ್ತಿನ ಐರೋಪ್ಯ ಒಕ್ಕೂಟದ ಬೀಜ ಅದು. ಅಷ್ಟು ಗಡಿಗಳ ಕೈಯಲ್ಲಿ ನಲುಗಿದ ಮನೆತನದವನಿಗೇ ಆ ಯೋಚನೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮತ್ತೆ ಹಳೆಯ ಪೇಟೆಯ ಅಂಚಿಗೆ ಬಂದರೆ ಎತ್ತರದ ಕಂಬದ ಮೇಲೆ ಹೊನ್ನಬಣ್ಣದ ಹೆಣ್ಣಿನ ಪ್ರತಿಮೆ, ‘ಗೆಲ್ಲೆ ಫ್ರಾ’. ಮೊದಲ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಪರ ಹೋರಾಡಿ ಸತ್ತವರಿಗಾಗಿ 1923ರಲ್ಲಿ ನಿಲ್ಲಿಸಿದ್ದು. 1940ರಲ್ಲಿ ನಾಜಿಗಳು ಅದನ್ನು ಉರುಳಿಸಿದರು. ಸ್ಮಾರಕ ಹಳೆಯ ರೂಪದಲ್ಲಿ ಮತ್ತೆ ಎದ್ದು ನಿಂತದ್ದು 1985ರಲ್ಲಿ. ಫೋಟೊ ತೆಗೆದುಕೊಂಡು ಮುಂದೆ ಹೋಗುವ ಮೊದಲು ಇಲ್ಲಿ ಒಂದು ಗಳಿಗೆ ನಿಂತು ನಾಜಿ ಆಕ್ರಮಣದ ಆ ವರ್ಷಗಳನ್ನು ನೆನೆಯಬೇಕು. ಯಾಕೆಂದರೆ, ಮನೆಯೊಳಗಿನ ಮಾತೊಂದು ದೇಶದ ಮಾತಾದದ್ದು ಆಗ.

ದೇಶವನ್ನು ಆಕ್ರಮಿಸಿದ ಜರ್ಮನಿಯ ವಾದ ಸರಳವಾಗಿತ್ತು: ಲಕ್ಸೆಂಬರ್ಗಿನವರು ಜರ್ಮನ್ನರೇ, ಅವರಾಡುವುದು ಜರ್ಮನ್ನಿನ ಒಂದು ಆಡುನುಡಿ, ಅವರಿಗೆ ಅದು ಗೊತ್ತಿಲ್ಲ ಅಷ್ಟೆ. ಫ್ರೆಂಚ್ ನಿಷೇಧವಾಯಿತು. ಬೀದಿಗಳ ಹೆಸರು ಬದಲಾದವು, ಮನುಷ್ಯರ ಫ್ರೆಂಚ್ ಹೆಸರುಗಳನ್ನೂ ಜರ್ಮನ್ ಮಾಡಿದರು. 1941ರ ಅಕ್ಟೋಬರ್ 10ಕ್ಕೆ ಜನಗಣತಿ ನಿಗದಿಯಾಯಿತು. ಅದರಲ್ಲಿ ಮೂರು ಪ್ರಶ್ನೆಗಳು: ನಿಮ್ಮ ರಾಷ್ಟ್ರೀಯತೆ ಯಾವುದು, ತಾಯಿಮಾತು ಯಾವುದು, ಕುಲ ಯಾವುದು. ಜತೆಗೆ ಸೂಚನೆ – ಲಕ್ಸೆಂಬರ್ಗಿಶ್ ಎನ್ನುವುದು ಆಡುನುಡಿ, ತಾಯಿಮಾತು ಎಂದು ಬರೆಯುವಂತಿಲ್ಲ. ಪ್ರತಿರೋಧ ಗುಂಪುಗಳು ಗುಟ್ಟಾಗಿ ಕರಪತ್ರ ಹಂಚಿದವು: ಮೂರಕ್ಕೂ ಲಕ್ಸೆಂಬರ್ಗಿಶ್ ಎಂದೇ ಬರೆಯಿರಿ. ಬಹುಪಾಲು ಜನ ಹಾಗೇ ಬರೆಯಲಿದ್ದಾರೆ ಎಂಬುದು ಮೊದಲ ಎಣಿಕೆಗಳಲ್ಲೇ ತಿಳಿದು, ಆಡಳಿತಾಧಿಕಾರಿ ಗುಸ್ತಾವ್ ಸಿಮೋನ್ ಗಣತಿಯನ್ನೇ ರದ್ದುಮಾಡಿದ. ಸರ್ವಸಮ್ಮತವಾದ ಕಾಗುಣಿತ ಕೂಡ ಇಲ್ಲದಿದ್ದ, ಶಾಲೆಯಲ್ಲಿ ನೆಟ್ಟಗೆ ಕಲಿಸದಿದ್ದ ಮಾತಿಗೆ ಜನ ಹಾಗೆ ಜೀವ ಒತ್ತೆ ಇಟ್ಟರು. ಇಂದಿಗೂ ಲಕ್ಸೆಂಬರ್ಗಿನ ಹಿರಿಯರು ಫ್ರೆಂಚಿನ ಬಗ್ಗೆ ಗೊಣಗಿದರೂ, ‘ನಿಮ್ಮದು ಜರ್ಮನ್ನೇ ಅಲ್ಲವೇ?’ ಎಂದರೆ ಕೆರಳುವುದರ ಹಿಂದೆ ಈ ಚರಿತ್ರೆ ಇದೆ. ಪ್ರವಾಸಿಗಳು ಹಾಗೆ ಕೇಳದಿರುವುದು ಒಳ್ಳೆಯದು.

ಊಟದ ವಿಷಯ ಬೇಗ ಮುಗಿಸಬಹುದು. ರಾಷ್ಟ್ರೀಯ ಖಾದ್ಯ ಎಂದು ಹೇಳಿಕೊಳ್ಳುವುದು ಹೊಗೆಯಾಡಿಸಿದ ಹಂದಿಯ ಕತ್ತಿನ ಮಾಂಸ ಮತ್ತು ಅವರೆಯ ಜಾತಿಯ ಕಾಳು. ಸಸ್ಯಾಹಾರಿಗಳು ಜಾತ್ರೆ ಸಂತೆಗಳಲ್ಲಿ ಗ್ರೋಂಪರೆಕಿಶೆಲ್ಶರ್ ಹುಡುಕಬೇಕು. ಆಲೂಗಡ್ಡೆ ತುರಿ, ಈರುಳ್ಳಿ ಸೇರಿಸಿ ಎಣ್ಣೆಯಲ್ಲಿ ಕರಿದ ವಡೆ. ಮೊಟ್ಟೆ ಹಾಕಿರುತ್ತಾರೆ, ಕೇಳಿಕೊಂಡು ತಿನ್ನಿ. ಬೆಲೆಗಳು ಎದೆ ಝಲ್ ಎನ್ನಿಸುವಂತಿವೆ. ಬಸ್ಸಿನಲ್ಲಿ ಉಳಿದ ಹಣ ಹೋಟೆಲಿನಲ್ಲಿ ಹೋಗುತ್ತದೆ. ಆಗಸ್ಟ್ ಕೊನೆಗೆ ಹೋದವರಿಗೆ ಷೂಬರ್‌ಫೂಅರ್ ಜಾತ್ರೆ ಸಿಗುತ್ತದೆ. 1340ರಲ್ಲಿ ಕುರುಡ ದೊರೆ ಜಾನ್ ಶುರುಮಾಡಿದ ಜಾತ್ರೆ, ಈಗ ತೊಟ್ಟಿಲು, ಜಾರುಬಂಡಿಗಳ ಗದ್ದಲ.

ಪ್ರವಾಸಿ ಕೈಪಿಡಿಗಳು ದಕ್ಷಿಣದ ಎಶ್ ಪಟ್ಟಣವನ್ನು ಒಂದು ಸಾಲಿನಲ್ಲಿ ದಾಟಿಸುತ್ತವೆ. ನಾನು ಅಲ್ಲಿ ಒಂದಿಡೀ ಮಧ್ಯಾಹ್ನ ಕಳೆಯಿರಿ ಎನ್ನುತ್ತೇನೆ. ಈ ದೇಶ ಬ್ಯಾಂಕಿನಿಂದ ಶ್ರೀಮಂತವಾಗುವ ಮುಂಚೆ ಕಬ್ಬಿಣದಿಂದ ಶ್ರೀಮಂತವಾಯಿತು. ಎಶ್ ಪಕ್ಕದ ಬೆಲ್ವಾಲ್‌ನ ಊದುಕುಲುಮೆಗಳು 1997ರವರೆಗೆ ಉರಿದವು. ಅವುಗಳಲ್ಲಿ ಒಂದನ್ನು ಬಿಚ್ಚಿ ಚೀನಕ್ಕೆ ಮಾರಿದರು. ಉಳಿದ ಎರಡನ್ನು ತುಕ್ಕಿನ ಬಣ್ಣದಲ್ಲೇ ಉಳಿಸಿಕೊಂಡು ಸುತ್ತ ಹೊಸ ಊರು ಕಟ್ಟಿದ್ದಾರೆ. 2003ರಲ್ಲಿ ಹುಟ್ಟಿದ ದೇಶದ ಏಕೈಕ ಸರ್ಕಾರಿ ವಿಶ್ವವಿದ್ಯಾಲಯ ಈಗ ಇರುವುದು ಅದೇ ಕುಲುಮೆಗಳ ನೆರಳಿನಲ್ಲಿ. ಲಕ್ಸೆಂಬರ್ಗಿನ ಹೆಮ್ಮೆಯ ಉಕ್ಕು ಕಂಪನಿ ಆರ್ಬೆಡ್ ಮೊದಲು ಆರ್ಸೆಲಾರ್ ಆಯಿತು. 2006ರಲ್ಲಿ ರಾಜಸ್ಥಾನದಲ್ಲಿ ಹುಟ್ಟಿದ ಲಕ್ಷ್ಮೀ ಮಿತ್ತಲ್ ಅದನ್ನು ಕೊಂಡಾಗ ಯುರೋಪಿನ ರಾಜಕಾರಣಿಗಳು ಹೌಹಾರಿದ್ದು ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಕಂಪನಿಯ ಕೇಂದ್ರ ಕಚೇರಿ ಈಗಲೂ ಲಕ್ಸೆಂಬರ್ಗಿನಲ್ಲೇ ಇದೆ.

ಕಬ್ಬಿಣಕ್ಕೆ ಕೈಗಳು ಬೇಕಿದ್ದವು. ಮೊದಲು ಇಟಲಿಯವರು ಬಂದರು, 1960ರ ದಶಕದಿಂದ ಕಟ್ಟಡ ಕೆಲಸಕ್ಕೆ ಪೋರ್ಚುಗೀಸರು. ಇವತ್ತು ಜನಸಂಖ್ಯೆಯಲ್ಲಿ ಸುಮಾರು ಏಳರಲ್ಲಿ ಒಬ್ಬರು ಪೋರ್ಚುಗೀಸ್ ಪ್ರಜೆಗಳು. ಎಶ್‌ನ ಕಾಫಿ ಅಂಗಡಿಗಳಲ್ಲಿ ಮೂರು ಆಡಳಿತ ಭಾಷೆಗಳಿಗಿಂತ ಪೋರ್ಚುಗೀಸೇ ಜೋರಾಗಿ ಕೇಳುತ್ತದೆ. ಇಲ್ಲಿ ಬಹುಭಾಷೆಯ ಇನ್ನೊಂದು ಮುಖ ಕಾಣುತ್ತದೆ. ಲಕ್ಸೆಂಬರ್ಗಿನ ಮಕ್ಕಳು ಶಿಶುವಿಹಾರದಲ್ಲಿ ಲಕ್ಸೆಂಬರ್ಗಿಶ್ ಆಡುತ್ತಾರೆ, ಆರನೆಯ ವರ್ಷಕ್ಕೆ ಜರ್ಮನ್ನಿನಲ್ಲಿ ಅಕ್ಷರ ಕಲಿಯುತ್ತಾರೆ, ಬೆನ್ನಲ್ಲೇ ಫ್ರೆಂಚ್ ಬರುತ್ತದೆ, ಕ್ಲಾಸಿಕಲ್ ಪ್ರೌಢಶಾಲೆಗೆ ಹೋದವರಿಗೆ ಗಣಿತ ಫ್ರೆಂಚಿಗೆ ತಿರುಗುತ್ತದೆ. ಮನೆಯಲ್ಲಿ ಲಕ್ಸೆಂಬರ್ಗಿಶ್ ಇದ್ದವರಿಗೆ ಜರ್ಮನ್ ನೆಂಟರ ಮನೆ ಇದ್ದಂತೆ. ಮನೆಯಲ್ಲಿ ಪೋರ್ಚುಗೀಸ್ ಆಡುವ ಗಾರೆ ಕೆಲಸದವನ ಮಗಳಿಗೆ ಅದು ಗೋಡೆ. ಫ್ರೆಂಚ್ ಅವಳಿಗೆ ಸಲೀಸು, ಆದರೆ ಫ್ರೆಂಚ್ ಬರುವಷ್ಟರಲ್ಲಿ ಜರ್ಮನ್ ಅಂಕಗಳು ಅವಳನ್ನು ಹಿಂದಿನ ಬೆಂಚಿಗೆ ಕಳಿಸಿರುತ್ತವೆ. ಈ ದೂರು ದಶಕಗಳಷ್ಟು ಹಳೆಯದು. ಕೊನೆಗೆ 2022ರಲ್ಲಿ ಕೆಲವು ಶಾಲೆಗಳಲ್ಲಿ ಫ್ರೆಂಚಿನಲ್ಲೇ ಅಕ್ಷರಾಭ್ಯಾಸ ಮಾಡಿಸುವ ಪ್ರಯೋಗ ಆರಂಭವಾಯಿತು. ಎರಡು ಬಗೆಯ ಮಕ್ಕಳನ್ನು ಎರಡು ದಾರಿಗೆ ಹಚ್ಚಿದರೆ ಮುಂದೆ ಅವರು ಎಲ್ಲಿ ಕೂಡುತ್ತಾರೆ ಎಂದು ಕೇಳುವವರೂ ಇದ್ದಾರೆ. ನಮ್ಮಲ್ಲಿ ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮದ ವಾದ ಕೇಳಿ ಬೆಳೆದವರಿಗೆ ಎರಡೂ ಕಡೆಯ ಮಾತು ಅರ್ಥವಾಗುತ್ತದೆ. 

ಆದ್ದರಿಂದ ‘ಇಲ್ಲಿ ಪ್ರತಿಯೊಬ್ಬರೂ ನಾಲ್ಕು ಭಾಷೆ ಆಡುತ್ತಾರೆ, ಎಷ್ಟು ಚೆಂದ’ ಎಂಬ ಪ್ರವಾಸಿ ಉದ್ಗಾರವನ್ನು ನಾನು ಅರ್ಧಕ್ಕೇ ಒಪ್ಪುತ್ತೇನೆ. ನಾಲ್ಕು ಭಾಷೆ ಬರುವ ಬ್ಯಾಂಕ್ ಅಧಿಕಾರಿ ಇದ್ದಾನೆ, ನಾಲ್ಕು ಭಾಷೆಯ ನಡುವೆ ಸಿಕ್ಕಿಕೊಂಡ ಹುಡುಗನೂ ಇದ್ದಾನೆ. 2015ರ ಜೂನ್‌ನಲ್ಲಿ, ಹತ್ತು ವರ್ಷದಿಂದ ನೆಲೆಸಿರುವ ವಿದೇಶೀಯರಿಗೆ ಸಂಸತ್ ಚುನಾವಣೆಯಲ್ಲಿ ಮತ ಕೊಡೋಣವೇ ಎಂದು ಜನಮತ ಕೇಳಿದಾಗ ಸುಮಾರು ಶೇಕಡ 78 ಮತದಾರರು ಬೇಡ ಎಂದರು. ಹೊರಗಿನವರ ಕೈ ಹೆಚ್ಚಾದಷ್ಟೂ ಒಳಗಿನವರ ಮುಷ್ಟಿ ಬಿಗಿಯಾಗುತ್ತದೆ. ಅದನ್ನು ಸಣ್ಣತನ ಎನ್ನಲು ನನಗೆ ಮನಸ್ಸು ಬಾರದು. 1941ನ್ನು ಕಂಡ ಜನ ಅವರು.

ಉತ್ತರಕ್ಕೆ ಹೋದರೆ ಕಾಡು, ಕಣಿವೆ, ಕೋಟೆ. ವಿಯಾಂಡೆನ್ ಕೋಟೆಯ ಚಿತ್ರ ನೀವು ಕ್ಯಾಲೆಂಡರುಗಳಲ್ಲಿ ನೋಡಿರುತ್ತೀರಿ. 1820ರಲ್ಲಿ ಡಚ್ ದೊರೆ ಅದನ್ನು ಮಾರಿಬಿಟ್ಟ. ಕೊಂಡವನು ಹೆಂಚು, ಮರಮಟ್ಟುಗಳನ್ನು ಕಿತ್ತು ಮಾರಿದ. 1871ರಲ್ಲಿ ವಿಕ್ಟರ್ ಹ್ಯೂಗೊ ಬ್ರಸೆಲ್ಸಿನಿಂದ ಹೊರದೂಡಿಸಿಕೊಂಡು ಇಲ್ಲಿಗೆ ಬಂದಾಗ ಕಂಡದ್ದು ಪಾಳು. 1977ರಲ್ಲಿ ಸರ್ಕಾರದ ಕೈಗೆ ಬಂದ ಮೇಲೆ ಮತ್ತೆ ಕಟ್ಟಿದರು. ಕುರ್ಚಿಲಿಫ್ಟಿನಲ್ಲಿ ಗುಡ್ಡದ ನೆತ್ತಿಗೆ ಹೋಗಿ ಕೋಟೆಯನ್ನು ಮೇಲಿನಿಂದ ನೋಡುವುದೇ ಚೆನ್ನ.

ಕ್ಲೆರ್ವೊ ಊರಿನ ಕೋಟೆಯೊಳಗೆ ಇರುವುದು ಇನ್ನೂ ದೊಡ್ಡ ಸಂಪತ್ತು. ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್ ಹುಟ್ಟಿದ್ದು ಲಕ್ಸೆಂಬರ್ಗಿನ ಒಂದು ಹಳ್ಳಿಯಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕಾಗಿ 1955ರಲ್ಲಿ ಆತ ರೂಪಿಸಿದ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಛಾಯಾಚಿತ್ರ ಪ್ರದರ್ಶನ ಜಗತ್ತು ಸುತ್ತಿ ಬಂದು 1994ರಿಂದ ಇಲ್ಲಿ ನೆಲೆ ನಿಂತಿದೆ. 68 ದೇಶಗಳ 503 ಚಿತ್ರಗಳು: ಹೆರಿಗೆ, ಆಟ, ಮದುವೆ, ದುಡಿಮೆ, ಹಸಿವು, ಸಾವು. ಇಷ್ಟು ಭಾಷೆಗಳ ದೇಶದಲ್ಲಿ, ಓದಿ ತಿಳಿಯಬೇಕಾದದ್ದು ಹೆಚ್ಚೇನೂ ಇಲ್ಲದ ಪ್ರದರ್ಶನ. ಮಳೆ ಬಂದ ದಿನಕ್ಕೆ ಇದನ್ನು ಇಟ್ಟುಕೊಳ್ಳಿ, ಮಳೆ ಅಲ್ಲಿ ಖಂಡಿತ ಬರುತ್ತದೆ.

ಇನ್ನು ವಿಲ್ಟ್ಸ್. ಪ್ರವಾಸಿಗಳು ಹೋಗದ ಊರು. 1942ರ ಆಗಸ್ಟ್ ಕೊನೆಗೆ, ಲಕ್ಸೆಂಬರ್ಗಿನ ಹುಡುಗರನ್ನು ಜರ್ಮನ್ ಸೈನ್ಯಕ್ಕೆ ಬಲವಂತವಾಗಿ ಸೇರಿಸಿಕೊಳ್ಳುವ ಆಜ್ಞೆ ಹೊರಬಿದ್ದ ಮರುದಿನ, ಈ ಊರಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ ದಕ್ಷಿಣದ ಉಕ್ಕಿನ ಊರುಗಳಿಗೆ, ಶಾಲೆಗಳಿಗೆ, ಅಂಚೆ ಕಚೇರಿಗಳಿಗೆ ಹಬ್ಬಿತು. ನಾಜಿಗಳು 21 ಜನರನ್ನು ಕೊಂದರು. ದೀಪಸ್ತಂಭದ ಆಕಾರದ ಸ್ಮಾರಕ ಊರೊಳಗಿದೆ, ಸುತ್ತ ಎಲ್ಲೂ ಸಮುದ್ರವಿಲ್ಲದ ಕಡೆ. ಅದೇ ಊರಿನ ಎತ್ತರದಲ್ಲಿ ಫಾತಿಮಾ ಮಾತೆಯ ಗುಡಿ. ಯುದ್ಧದ ಕೊನೆಯ ಚಳಿಗಾಲದಲ್ಲಿ ನೆಲಮಾಳಿಗೆಯಲ್ಲಿ ಅಡಗಿದ್ದ ಊರವರು, ಬದುಕಿ ಉಳಿದರೆ ಕಟ್ಟುತ್ತೇವೆಂದು ಹರಕೆ ಹೊತ್ತು ಕಟ್ಟಿದ್ದು. ಹರಕೆ ಹೊತ್ತದ್ದು ಪೋರ್ಚುಗಲ್ಲಿನ ಮಾತೆಗೆ. ಆಗ ಆ ಊರಿನಲ್ಲಿ ಪೋರ್ಚುಗೀಸರು ಇರಲೇ ಇಲ್ಲ. 1960ರ ದಶಕದಲ್ಲಿ ಗಾರೆ ಕೆಲಸಕ್ಕೆ ಬಂದವರಿಗೆ ತಮ್ಮೂರ ಅಮ್ಮ ಮೊದಲೇ ಬಂದು ಕೂತಿರುವುದು ಕಂಡಿತು. ಅಂದಿನಿಂದ ಪ್ರತಿವರ್ಷ ಯೇಸುವಿನ ಸ್ವರ್ಗಾರೋಹಣದ ಗುರುವಾರ ದೇಶದ ಮೂಲೆಮೂಲೆಯ, ಗಡಿಯಾಚೆಯ ಪೋರ್ಚುಗೀಸರೆಲ್ಲ ಸೇರಿ ಮೆರವಣಿಗೆಯಲ್ಲಿ ಗುಡ್ಡ ಹತ್ತುತ್ತಾರೆ. ಪ್ರಾರ್ಥನೆ ಪೋರ್ಚುಗೀಸಿನಲ್ಲಿ. ಮೇ ತಿಂಗಳ ಆಸುಪಾಸು ಹೋಗುವವರು ದಿನ ನೋಡಿಕೊಂಡು ಹೊರಡಿ. ಕೌಟೆನ್‌ಬಾಖ್‌ನಲ್ಲಿ ಕವಲೊಡೆಯುವ ರೈಲಿಗೆ ಟಿಕೆಟ್ ಬೇಡ, ಆದರೆ ಆ ದಿನ ಕೂರಲು ಜಾಗ ಸಿಗುತ್ತದೆಂದು ನಂಬಬೇಡಿ.